ಇಂಟರ್ವಲ್ಲಿಗೆ ಏಳುವವಳು

ಅವಳು ತೀರಿಹೋದ ಸುದ್ದಿ ಬಂದಾಗ ನಾನು ಟೀವಿ ನೋಡುತ್ತಿದ್ದೆ. ಕೋಪರಖೈರಣೆಯಿಂದ ಅವಳ ಮಗಳು ಫೋನು ಮಾಡಿದ್ದಳು. ಎತ್ತಿಕೊಂಡದ್ದು ನನ್ನ ಸೊಸೆ. "ಆಯಿ" ಎಂದು ಕರೆದು ನನ್ನ ಮುಖ ನೋಡಿದಳು, ಅಷ್ಟರಲ್ಲೇ ನನಗೆ ಗೊತ್ತಾಯಿತು. ಟೀವಿ ಬಂದ್ ಮಾಡಲಿಕ್ಕೆ ಯಾರಿಗೂ ನೆನಪಾಗಲಿಲ್ಲ. ಅದು ಹಾಗೆಯೇ ಓಡುತ್ತಿತ್ತು. ಅದರಲ್ಲಿ ಒಬ್ಬ ಮುದುಕ ಖಾಲಿ ಲೋಟ ಎತ್ತಿ ಕಾಫಿ ಕುಡಿದ ಹಾಗೆ ಮಾಡುತ್ತಿದ್ದ.

ಲೋಟ ಖಾಲಿ ಎಂದು ನೋಡಲಿಕ್ಕೆ ಕಲಿಸಿದ್ದು ಅವಳೇ. "ಅವನ ಕೈ ನೋಡಿ ಅಕ್ಕ, ಲೋಟದಲ್ಲಿ ಭಾರವೇ ಇಲ್ಲ. ಬಿಸಿ ಕಾಫಿ ಹಿಡಿದವನ ಬೆರಳು ಹೀಗೆ ನಿಲ್ತದಾ? ಇಷ್ಟು ದೊಡ್ಡ ಬಂಗಲೆ ತೋರಿಸ್ತಾರೆ, ಒಂದು ಗುಟುಕು ಕಾಫಿ ಹಾಕ್ಲಿಕ್ಕೆ ಗತಿ ಇಲ್ವಾ ಇವರಿಗೆ?" ಈಗ ನನಗೂ ಯಾವ ಧಾರಾವಾಹಿ ನೋಡಿದರೂ ಮೊದಲು ಕಣ್ಣು ಹೋಗುವುದು ಲೋಟದ ಮೇಲೆಯೇ.

ಅವಳ ಹೆಸರು ಇಲ್ಲಿ ಹಾಕುವುದಿಲ್ಲ. ಅವಳ ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೂ ಓದಿ ಹೇಳುವವರು ಇದ್ದೇ ಇರುತ್ತಾರೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನೀಟಾಗಿ ಬರೆಯಲು ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಭ್ಯಾಸ. ಆ ಅಭ್ಯಾಸದಿಂದಲೇ ಇಷ್ಟೆಲ್ಲ ಆದದ್ದು.

ನಮ್ಮ ಬಿಲ್ಡಿಂಗು ಇರುವುದು ಡೊಂಬಿವಲಿ ಪೂರ್ವದಲ್ಲಿ. ನನ್ನ ಮನೆಯ ಮೇಲಿನದ್ದೇ ಅವಳ ಮನೆ. ಇಬ್ಬರೂ ಉಡುಪಿ ಕಡೆಯವರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ನನಗಿಂತ ಸ್ವಲ್ಪ ಸಣ್ಣವಳು, ಹಾಗಾಗಿ ನಾನು ಅಕ್ಕ, ಅವಳು ಬರೀ ಮಾರಾಯ್ತಿ. ವಿಠ್ಠಲವಾಡಿ ಸ್ಟೇಷನ್ನಿನ ಹೊರಗೆ ಅವಳ ಗಂಡನ ವೆಜ್ ಹೊಟೇಲು ಇತ್ತು. ಸಣ್ಣದೇ, ಗೋಡೆಗೆ ತಾಗಿದ ಕಲ್ಲಿನ ಮೇಜುಗಳು. ಆ ಮನುಷ್ಯ ಹೊಟೇಲಿಗೆ ಹೆಂಡತಿಯ ಹೆಸರನ್ನೇ ಇಟ್ಟಿದ್ದ. ಎಲ್ಲರೂ ದೇವರ ಹೆಸರು ಇಡುತ್ತಿದ್ದ ಕಾಲ. ಜಾತಿಯವರೆಲ್ಲ ನಗಾಡಿದರಂತೆ. ಅವಳ ಹೆಸರು ಬರೆಯದ ಮೇಲೆ ಹೊಟೇಲಿನ ಹೆಸರೂ ಬರೆಯುವ ಹಾಗಿಲ್ಲ.

ಗಂಡ ಸತ್ತ ಮೇಲೆ ಹೊಟೇಲು ಮಾರಿದರು. ಆದರೆ ಹೊಟೇಲು ಅವಳ ಮೈಯಿಂದ ಹೋಗಲಿಲ್ಲ. ಸೋಫಾದ ಮೇಲೆ ಕುಳಿತವಳೇ ಅಲ್ಲ. ನಮ್ಮ ಫ್ರಿಜ್ಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತು, ಮಡಿಲಲ್ಲಿ ಏನಾದರೊಂದು ಸೊಪ್ಪು ಇಟ್ಟುಕೊಂಡು ಬಿಡಿಸುತ್ತಾ ಟೀವಿ ನೋಡುವಳು. ಅವಳ ಮನೆಯ ಸೊಪ್ಪು ಮುಗಿದರೆ ನಮ್ಮದು. ಬಂದ ಕೂಡಲೇ ಒಮ್ಮೆ ನನ್ನ ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡಲೇಬೇಕು. "ಇದು ಬೆಳಿಗ್ಗೆ ಕಾಯಿಸಿದ್ದು. ಇದರಲ್ಲಿ ನನಗೆ ಕಾಫಿ ಬೇಡ." ಹೇಗೆ ಗೊತ್ತು ಎಂದರೆ, "ಕೆನೆ ನೋಡಿದರೆ ಗೊತ್ತಾಗ್ತದಲ್ಲ ಅಕ್ಕ, ಇದರಲ್ಲಿ ಎಂಥ ಉಂಟು?" ನನಗೆ ಸಿಟ್ಟು ಬರುತ್ತಿತ್ತು. ನನ್ನ ಮನೆ, ನನ್ನ ಹಾಲು. ಆದರೂ ಬೇರೆ ಹಾಲು ಕಾಯಿಸುತ್ತಿದ್ದೆ.

ಲೋಕಲ್ ಟ್ರೇನಿನಲ್ಲಿ ಅವಳ ಜೊತೆ ಹೋಗುವುದೆಂದರೆ ನನಗೆ ಮರ್ಯಾದೆ ಹೋಗುವ ಕೆಲಸ. ಸೀಟಿಗಾಗಿ ಯಾವಳೋ ಒಬ್ಬಳ ಜೊತೆ ಮರಾಠಿಯಲ್ಲಿ ಜಗಳ ಶುರು ಮಾಡಿದರೆ ಮುಂಬ್ರಾ ಸ್ಟೇಷನ್ನು ಬರುವ ತನಕ ಅದೇ. ಮುಂಬ್ರಾ ದಾಟಿದ ಮೇಲೆ ನೋಡಿದರೆ ಅದೇ ಹೆಂಗಸಿಗೆ ಚಕ್ಕುಲಿ ಕೊಡುತ್ತಾ ಕುಳಿತಿರುತ್ತಾಳೆ! "ಪಾಪ ಅಕ್ಕ, ಬೆಳಿಗ್ಗೆ ತಿಂಡಿ ತಿನ್ನದೆ ಹೊರಟದ್ದಂತೆ. ಹೊಟ್ಟೆಗಿಲ್ಲದಿದ್ದರೆ ಯಾರಿಗಾದರೂ ಬಾಯಿ ಬರ್ತದೆ."

ಇರಲಿ. ಹೇಳಬೇಕಾದದ್ದು ಧಾರಾವಾಹಿಯ ವಿಷಯ.

ಮಧ್ಯಾಹ್ನ ಊಟವಾದ ಮೇಲೆ ಒಂದು ಕೊಲೆಯ ಧಾರಾವಾಹಿ ಬರುತ್ತಿತ್ತು. ಜವಳಿ ಅಂಗಡಿಯ ಸಾಹುಕಾರ ಅಂಗಡಿಯ ಒಳಕೋಣೆಯಲ್ಲಿ ಸತ್ತು ಬಿದ್ದಿರುತ್ತಾನೆ. ಪಕ್ಕದಲ್ಲಿ ಹಾಲಿನ ಲೋಟ, ಹಾಲಿನಲ್ಲಿ ವಿಷ. ಸಂಜೆ ಹಾಲು ತಂದುಕೊಟ್ಟದ್ದು ಅವನ ಎರಡನೇ ಹೆಂಡತಿ, ಸಣ್ಣ ಪ್ರಾಯದವಳು. ಅವಳೇ ಕೊಂದದ್ದೋ, ಸಾಹುಕಾರನ ತಮ್ಮನೋ, ಅಂಗಡಿಯ ಲೆಕ್ಕ ಬರೆಯುವ ರೈಟರೋ? ಇದು ಒಂದು ಹಳೆಯ ಕಾದಂಬರಿಯಂತೆ. ಇದೇ ಕಾದಂಬರಿ ಹಿಂದೆ ಸಿನಿಮಾ ಆಗಿತ್ತಂತೆ. ನಾನು ನೋಡಿರಲಿಲ್ಲ. ಅವಳು ನೋಡಿದ್ದಳು. ಅಲ್ಲಿಗೆ ನನ್ನ ನೆಮ್ಮದಿ ಹೋಯಿತು.

"ಸಿನಿಮಾದಲ್ಲಿ ಇನ್‌ಸ್ಪೆಕ್ಟರಿಗೆ ಹೊಟ್ಟೆ ಇತ್ತು ಅಕ್ಕ. ಕೊಡೆ ಹಿಡಿದುಕೊಂಡು ಬರ್ತಿದ್ದ. ಇವನು ನೋಡಿ, ಮನೆಯೊಳಗೂ ಕಪ್ಪು ಕನ್ನಡಕ, ಎಂಥ ಕಾಣ್ತದೆ ಇವನಿಗೆ?"

"ಸಿನಿಮಾದ ಹೆಂಡತಿ ಇಷ್ಟು ಕೂಗ್ತಿರಲಿಲ್ಲ. ಸುಮ್ಮನೆ ನಿಲ್ತಿದ್ದಳು. ನೋಡುವವರಿಗೆ ಹೊಟ್ಟೆ ಉರಿಯಬೇಕು, ಹಾಗೆ."

"ಸಿನಿಮಾದಲ್ಲಿ ಇವರ ಹಾಗೆ ಸಿಸಿ ಕ್ಯಾಮೆರಾ ಗೀಮೆರಾ ಎಲ್ಲಿ? ಹಾಲಿನ ಕೆನೆ ನೋಡಿ ಕಳ್ಳನನ್ನು ಹಿಡಿದದ್ದು."

ಈ ಕೆನೆಯ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ. ಹೆಂಡತಿ ತಂದದ್ದು ಆಗಷ್ಟೇ ಕಾಯಿಸಿದ ಹಾಲು. ಹೆಣದ ಪಕ್ಕ ಸಿಕ್ಕಿದ ಲೋಟದಲ್ಲಿ ದಪ್ಪ ಕೆನೆ ಅಂಟಿರುತ್ತದೆ. ಇನ್‌ಸ್ಪೆಕ್ಟರು ಬೆರಳಿನಿಂದ ಅದನ್ನು ಎತ್ತಿ ನೋಡಿ ಹೇಳುತ್ತಾನಂತೆ: ಇದು ಬೆಳಗಿನ ಹಾಲು, ಇದು ಆ ಹೆಂಗಸು ತಂದ ಲೋಟವೇ ಅಲ್ಲ. ಯಾರೋ ಲೋಟ ಬದಲಿಸಿದ್ದಾರೆ, ಬದಲಿಸಿದವನಿಗೆ ಹಾಲು ಕಾಯಿಸಿ ಗೊತ್ತಿಲ್ಲ. ಕೊನೆಗೆ ತಮ್ಮ ಸಿಕ್ಕಿಬೀಳುತ್ತಾನೆ. ಹೆಂಡತಿ ಬಿಡುಗಡೆಯಾಗಿ, ಸಾಹುಕಾರನ ಆಸ್ತಿ ಏನೂ ಬೇಡವೆಂದು ಪೇಟೆಯಲ್ಲಿ ಒಂದು ಸಣ್ಣ ಹೊಟೇಲು ಹಾಕುತ್ತಾಳೆ. ಮೊದಲ ದಿನದ ಕಾಫಿ ಇನ್‌ಸ್ಪೆಕ್ಟರಿಗೆ.

ಈ ಸಿನಿಮಾ ಅವಳು ನೋಡಿದ ರೀತಿಯನ್ನೂ ಹೇಳಬೇಕು. ಆಗ ಕಲ್ಯಾಣದ ಒಂದು ಟಾಕೀಸಿನಲ್ಲಿ ಅಪರೂಪಕ್ಕೆ ಕನ್ನಡ ಸಿನಿಮಾ ಹಾಕುತ್ತಿದ್ದರು, ಭಾನುವಾರ ಮಧ್ಯಾಹ್ನ, ಒಂದೇ ಒಂದು ಆಟ. ಹೊಟೇಲಿನವರಿಗೆ ಬಿಡುವೆಂದರೆ ಊಟದ ಗಿರಾಕಿ ಹೋಗಿ ಸಂಜೆಯ ಚಹಾದ ಗಿರಾಕಿ ಬರುವ ನಡುವಿನ ಹೊತ್ತು ಮಾತ್ರ. ಅಷ್ಟರಲ್ಲಿ ಗಂಡ ಹೆಂಡತಿ ಓಡಿ ಬಂದು, ಇಂಟರ್ವಲ್ ತನಕ ನೋಡಿ, ದೀಪ ಹತ್ತಿದ ಕೂಡಲೇ ಎದ್ದು ಓಡುವುದು. ಮದುವೆಯಾದ ಮೇಲೆ ಅವಳು ನೋಡಿದ ಸಿನಿಮಾ ಎಲ್ಲ ಅರ್ಧವೇ. ಹೊಟೇಲಿನವರ ಹೆಂಡತಿಯರು ಸುಮಾರು ಮಂದಿ ಹಾಗೆಯೇ. ಬೇರೆ ಸಿನಿಮಾದ ಉಳಿದರ್ಧ ಏನಾಯಿತೆಂದು ಅವಳು ಕೇಳಿದವಳಲ್ಲ. ಈ ಕೊಲೆಯದ್ದು ಮಾತ್ರ ಬಿಡಲಿಲ್ಲ. ಯಾರು ಕೊಂದದ್ದೆಂದು ತಿಳಿಯದೆ ರುಬ್ಬುವ ಕಲ್ಲಿನ ಎದುರು ಕೈಯೇ ಓಡುತ್ತಿರಲಿಲ್ಲವಂತೆ. ಗಂಡ ಹೇಳಿದ, ನಾನು ತರಕಾರಿಗೆ ಕಲ್ಯಾಣಕ್ಕೆ ಹೋದಾಗ ಹಾಗೆಯೇ ನುಸುಳಿ ಉಳಿದದ್ದು ನೋಡಿ ಬರುತ್ತೇನೆ. ನೋಡಿ ಬಂದ. ಬಂದು ಒಂದೇ ಸಲಕ್ಕೆ ಹೇಳಿ ಮುಗಿಸಲಿಲ್ಲ. ಮಧ್ಯಾಹ್ನ ಅವಳು ಹಿಂದಿನ ಬಾಗಿಲಲ್ಲಿ ಕುಳಿತು ಕರಿಬೇವು ಬಿಡಿಸುವಾಗ ಬಂದು ಕುಳಿತು, ದಿನಕ್ಕೆ ಇಷ್ಟಿಷ್ಟೇ ಹೇಳುತ್ತಿದ್ದ. ಅಲ್ಲಿಗೆ ನಿಲ್ಲಿಸಿ, ಉಳಿದದ್ದು ನಾಳೆ ಎಂದು ಎದ್ದು ಹೋಗುತ್ತಿದ್ದ. "ನನಗೆ ಆಗಲೇ ಧಾರಾವಾಹಿ ಇತ್ತು ಅಕ್ಕ," ಎಂದು ನಗುತ್ತಿದ್ದಳು.

ಇದು ಕೇಳಿದಾಗಲೇ ನನಗೆ ಒಂದು ಸಂಶಯ ಬಂದಿತ್ತು. ಭಾನುವಾರ ಒಂದೇ ಆಟವಾದರೆ ತರಕಾರಿಯ ದಿನ ಈ ಮನುಷ್ಯ ನೋಡಿದ್ದು ಯಾವುದನ್ನು? ಸಂಶಯ ಬಂದರೆ ನನಗೆ ನಿದ್ದೆ ಇಲ್ಲ. ಅದರ ಮೇಲೆ ಒಂದು ದಿನ ಧಾರಾವಾಹಿಯಲ್ಲಿ ಹೆಂಡತಿಯ ಸ್ಕೂಟರಿನಲ್ಲಿ ವಿಷದ ಸೀಸೆ ಸಿಕ್ಕಿತು. ಅವಳು ಸೊಪ್ಪು ಕೆಳಗೆ ಹಾಕಿ ರೇಗಿದಳು. "ಇದೆಲ್ಲ ಸುಳ್ಳು! ಅವಳು ಕೊಂದದ್ದಲ್ಲ. ಇವರಿಗೆ ಕಥೆಯೇ ಗೊತ್ತಿಲ್ಲ."

ನಾನು ಹೇಳಿದೆ, "ಹಾಗಾದರೆ ಆ ಸಿನಿಮಾವನ್ನೇ ನೋಡುವ. ಈಗ ಎಲ್ಲ ಸಿಗ್ತದೆ."

"ಬೇಡ ಅಕ್ಕ. ನನಗೆ ಗೊತ್ತುಂಟಲ್ಲ."

"ನನಗೆ ಗೊತ್ತಿಲ್ಲವಲ್ಲ. ನೀನು ಕುಳಿತುಕೋ."

"ಹಳೆಯದು, ಸರಿ ಕಾಣ್ಲಿಕ್ಕಿಲ್ಲ. ಬೇಡ."

ಎಷ್ಟು ಸಲ ಬೇಡ ಎಂದಳೋ. ನಾನು ಸೊಸೆಯನ್ನು ಕರೆದೆ. ಸೊಸೆ ಮರಾಠಿಯವಳು, ಕಲ್ಯಾಣದ ಹುಡುಗಿ, ತುಳು, ಕನ್ನಡ ಅರ್ಧ ಅರ್ಧ ಗೊತ್ತು. ಸಿನಿಮಾದ ಹೆಸರು ಹೇಳಿದ ಕೂಡಲೇ ಮೊಬೈಲಿನಲ್ಲಿ ಹುಡುಕಿ ದೊಡ್ಡ ಟೀವಿಯಲ್ಲಿ ಹಾಕಿಯೇ ಬಿಟ್ಟಳು. "ಘ್ಯಾ ಆಯಿ, ತುಮ್ಚಾ ಸಿನೆಮಾ," ತಗೊಳ್ಳಿ ನಿಮ್ಮ ಸಿನಿಮಾ ಎಂದಳು.

ಸಿನಿಮಾ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಧಾರಾವಾಹಿಯಲ್ಲಿ ಒಬ್ಬ ಬಾಗಿಲು ತೆರೆದರೆ ಎಲ್ಲರ ಮುಖವನ್ನೂ ಮೂರು ಸಲ ತೋರಿಸಿ ಢಂ ಢಂ ಬಾರಿಸುತ್ತಾರೆ. ಸಿನಿಮಾದಲ್ಲಿ ಅಂಗಡಿಯ ಕತ್ತಲೆ, ಬಟ್ಟೆಯ ರಾಶಿ, ನಡುವೆ ಒಂದು ಬೆಳ್ಳಗಿನ ಹಾಲಿನ ಲೋಟ, ಅಷ್ಟೇ. ಎದೆ ಹಿಡಿದುಕೊಳ್ಳುತ್ತಿತ್ತು. ಲೋಟದಲ್ಲಿ ನಿಜವಾಗಿ ಹಾಲೂ ಇತ್ತು. ಇನ್‌ಸ್ಪೆಕ್ಟರಿಗೆ ಹೊಟ್ಟೆಯೂ ಇತ್ತು, ಕೊಡೆಯೂ ಇತ್ತು. ಅವಳು ಸಣ್ಣ ಹುಡುಗಿಯ ಹಾಗೆ ನನ್ನ ತೊಡೆಗೆ ಬಡಿದಳು. "ನಾನು ಹೇಳ್ಲಿಲ್ವಾ! ಈಗ ನೋಡಿ, ಈಗ ಕೊಡೆ ಮರೆತು ಹೋಗ್ತಾನೆ, ಮತ್ತೆ ಬರ್ತಾನೆ." ಅವನು ಮರೆತು ಹೋದ, ಮತ್ತೆ ಬಂದ. ಒಂದು ಮಾತೂ ಅವಳು ಮರೆತಿರಲಿಲ್ಲ. ಅವಳನ್ನು ಅಷ್ಟು ಖುಷಿಯಲ್ಲಿ ನಾನು ನೋಡಿದ್ದು ಅದೇ ಕೊನೆ.

ಮಧ್ಯಂತರ ಎಂದು ಅಕ್ಷರ ಬಂತು. ಬಂದದ್ದೇ ಅವಳು ಎದ್ದು ನಿಂತಳು. ಸೆರಗು ಕೊಡವಿ, ಸೊಪ್ಪಿನ ದಂಟನ್ನೆಲ್ಲ ಬಾಚಿಕೊಂಡು, "ಸಾಕು ಅಕ್ಕ, ನಾನು ಬರ್ತೇನೆ" ಎಂದಳು.

"ಎಲ್ಲಿಗೆ?"

"ಹೊತ್ತಾಯ್ತು. ಚಹಾಕ್ಕೆ ಇಡಬೇಕು."

ಅವಳ ಮನೆಯಲ್ಲಿ ಚಹಾ ಕುಡಿಯಲಿಕ್ಕೆ ಒಂದು ಜನ ಇಲ್ಲ. ನಾನು ಅವಳ ಕೈ ಹಿಡಿದು ಎಳೆದು ಕೂರಿಸಿದೆ. ನನ್ನ ಕೈಗೆ ಇನ್ನೂ ಶಕ್ತಿ ಉಂಟು. ಕುಳಿತಳು.

ಉಳಿದರ್ಧದಲ್ಲಿ ಕೆನೆ ಇರಲಿಲ್ಲ. ಇನ್‌ಸ್ಪೆಕ್ಟರು ಲೋಟವನ್ನು ಮೂಸಿ ಕೆಳಗೆ ಇಟ್ಟ, ಬೆರಳು ಹಾಕಲೇ ಇಲ್ಲ. ತಮ್ಮ ಪಾಪದವನು, ನಡುವಿನಲ್ಲೇ ಊರು ಬಿಟ್ಟು ಹೋದ. ಕೊಂದದ್ದು ಹೆಂಡತಿಯೇ. ಕೊನೆಯಲ್ಲಿ ಪೊಲೀಸರು ಕರೆದುಕೊಂಡು ಹೋಗುವಾಗ ಒಮ್ಮೆ ತಿರುಗಿ ಅಂಗಡಿಯ ಬೋರ್ಡು ನೋಡುತ್ತಾಳೆ, ಮುಗಿಯಿತು. ಹೊಟೇಲೂ ಇಲ್ಲ, ಕಾಫಿಯೂ ಇಲ್ಲ.

ಅವಳು ಟೀವಿ ಕಡೆ ನೋಡುತ್ತಲೇ ಹೇಳಿದಳು, "ಇದು ಕಟ್ ಮಾಡಿದ್ದಾರೆ."

ಆಗ ನಾನು ಸುಮ್ಮನಿರಬಹುದಿತ್ತು. ಹೌದು ಎಂದರೂ ಏನೂ ಹೋಗುತ್ತಿರಲಿಲ್ಲ. ಆದರೆ ನನಗೆ ಕಳ್ಳನನ್ನು ಹಿಡಿದ ಹಾಗೆ ಖುಷಿಯಾಗಿತ್ತು. "ಕಟ್ ಅಲ್ಲ ಮಾರಾಯ್ತಿ. ಒಂದೇ ಆಟ ಅಂತ ನೀನೇ ಹೇಳಿದ್ದಿ. ನಿನ್ನ ಗಂಡ ಮತ್ತೆ ಯಾವಾಗ ನೋಡಿದ್ದು? ಅವನು ನೋಡ್ಲೇ ಇಲ್ಲ. ಇಷ್ಟು ವರ್ಷ ನಿನಗೆ ಬೊಗಳೆ ಬಿಟ್ಟದ್ದು, ನೀನು ಅದನ್ನೇ ಹಿಡಿದುಕೊಂಡು ನನ್ನ ತಲೆ ತಿಂದದ್ದು."

ಸೊಸೆಗೆ ತುಳು ಅರ್ಧವೇ ಬರುವುದಾದರೂ ಇದು ಪೂರ್ತಿ ಅರ್ಥವಾಯಿತು. ಒಳಗೆ ಹೋದಳು.

ಇವಳು ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಮುಂಬ್ರಾ ತನಕ ಜಗಳ ಮಾಡುವವಳು! ಮಾಡಲಿಲ್ಲ. ಬಿಡಿಸಿದ ಸೊಪ್ಪನ್ನು ನನ್ನ ತಟ್ಟೆಗೆ ಹಾಕಿದಳು, ದಂಟನ್ನು ಕಸದ ಡಬ್ಬಕ್ಕೆ ಹಾಕಿದಳು, ಕೈ ತೊಳೆದು ಮೇಲೆ ಹೋದಳು. ಆ ದಿನ ಕಾಫಿ ಕುಡಿಯಲಿಲ್ಲ.

ಮರುದಿನವೂ ಬಂದಳು, ಅದೇ ಹೊತ್ತಿಗೆ. ಫ್ರಿಜ್ಜಿಗೆ ಬೆನ್ನು ಕೊಟ್ಟು ಕುಳಿತಳು. ಧಾರಾವಾಹಿಯಲ್ಲಿ ರೈಟರು ಖಾಲಿ ಲೋಟ ಎತ್ತಿ ಕುಡಿದ, ಇವಳು ಸೊಪ್ಪಿನಿಂದ ತಲೆ ಎತ್ತಲಿಲ್ಲ. ಅಡುಗೆಮನೆಗೆ ಹೋಗಿ ಮುಚ್ಚಳ ಎತ್ತಲಿಲ್ಲ. ನಾನು ಬೆಳಗಿನ ಹಾಲಿನಲ್ಲೇ ಕಾಫಿ ಮಾಡಿಕೊಟ್ಟೆ, ಕುಡಿದಳು. ಅದು ನನಗೆ ತಡೆಯಲಿಕ್ಕೆ ಆಗಲಿಲ್ಲ. ಇನ್ನೊಂದು ದಿನ ನಾನೇ ಬಾಯಿ ಬಿಟ್ಟು ಕೇಳಿದೆ, "ಸಿನಿಮಾದಲ್ಲಿ ಹೀಗೆ ಇರ್ಲಿಲ್ಲ ಅಲ್ವಾ?"

"ನೀವೂ ನೋಡಿದ್ದೀರಲ್ಲ ಅಕ್ಕ," ಎಂದಳು.

ಮೊದಲು ಸಿನಿಮಾದಲ್ಲಿ ಹಾಗಿತ್ತು ಹೀಗಿತ್ತು ಎಂಬ ಮಾತು ಕೇಳಿದರೆ ನನಗೆ ತಲೆನೋವು. ಈಗ ಅದಿಲ್ಲದೆ ಮಧ್ಯಾಹ್ನ ಮುಗಿಯುತ್ತಲೇ ಇರಲಿಲ್ಲ.

ಆಮೇಲೆ ಅವಳಿಗೆ ಎದೆಯ ತೊಂದರೆ ಜೋರಾಯಿತು, ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿದರು. ಮಗಳು ಬಂದು ಕೋಪರಖೈರಣೆಗೆ ಕರೆದುಕೊಂಡು ಹೋದಳು. ಎದೆಯ ತೊಂದರೆಗೂ ನಾನೇ ಕಾರಣ ಎಂದು ಹೇಳುವಷ್ಟು ನಾಟಕ ನನಗೆ ಬರುವುದಿಲ್ಲ. ಅದು ಮೊದಲೇ ಇತ್ತು. ನಾನು ಮಾಡಿದ್ದು ಬೇರೆ.

ಧಾರಾವಾಹಿ ಮುಗಿದ ದಿನ ಫೋನು ಮಾಡಿದೆ. ತಪ್ಪಾಯ್ತು ಎನ್ನಲಿಕ್ಕೆಂದೇ ಮಾಡಿದ್ದು. ಅವಳ ಸ್ವರ ಕೇಳಿದ ಮೇಲೆ ಬಾಯಿಗೆ ಬಂದದ್ದು ಧಾರಾವಾಹಿಯ ಕಥೆ. "ರೈಟರ್ ಮಾರಾಯ್ತಿ ಕೊಂದದ್ದು. ಎದುರು ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದ. ಹೆಂಡತಿಯನ್ನು ಬಿಟ್ಟರು."

"ಬಿಟ್ಟರಾ?" ಎಂದಳು. ಆಮೇಲೆ, "ಒಳ್ಳೆಯದಾಯ್ತು ಅಕ್ಕ. ಬಿಡಬೇಕಾದದ್ದೇ."

ಇನ್ನೇನಾದರೂ ಹೇಳುತ್ತಾಳೆಂದು ಕಾದೆ. ಅವಳೂ ಕಾದಳು ಅಂತ ಈಗ ಅನ್ನಿಸುತ್ತದೆ. ಆಮೇಲೆ ಮಳೆಯ ವಿಷಯ ಮಾತಾಡಿ ಇಟ್ಟೆವು. ಅದೇ ಕೊನೆ.

ಕ್ರಿಯೆ ಎಲ್ಲ ಮುಗಿದ ಮೇಲೆ ಸೊಸೆಯನ್ನು ಕರೆದುಕೊಂಡು ಕೋಪರಖೈರಣೆಗೆ ಹೋದೆ. ಮಗಳು ಕೆಲಸಕ್ಕೆ ಹೋಗುವವಳು, ಇಲ್ಲಿಯೇ ಹುಟ್ಟಿ ಬೆಳೆದವಳು, ತುಳು ಹಿಂದಿ ಕಲಸಿ ಮಾತಾಡುತ್ತಾಳೆ. ಒಳಗೆ ಅವಳ ತಾಯಿಯ ಫೋಟೋ ಇಟ್ಟಿದ್ದರು. ಕಾಫಿ ತಂದಿಟ್ಟಳು, ಲೋಟ ಸುಡುತ್ತಿತ್ತು.

"ದೊಡ್ಡಮ್ಮ, ಏಕ್ ಬಾತ್ ಕೇಳ್ಬೇಕಿತ್ತು. ಸಣ್ಣದಿರುವಾಗ ಅಮ್ಮ ನನಗೆ ಒಂದು ಸಿನಿಮಾದ ಕಥೆ ಹೇಳ್ತಿದ್ದಳು. ದೂಧ್ ಕೀ ಮಲಾಯಿ, ಇನ್‌ಸ್ಪೆಕ್ಟರ್ ಎಲ್ಲ. ಪಪ್ಪ ಅವಳಿಗೆ ಹೇಳಿದ್ದಂತೆ. ಇಲ್ಲಿ ಬಂದ ಮೇಲೆ ನನ್ನ ಮಗಳಿಗೆ ಅದನ್ನು ಹೇಳು ಅಂದೆ. ಹೇಳಲೇ ಇಲ್ಲ. ಆ ಸಿನಿಮಾ ನಾನು ನೋಡ್ಲೇ ಇಲ್ಲ, ನಿನಗೆ ಎಂಥದೋ ನೆನಪು ಅಂದಳು. ಸಚ್ ಮೇ ಅಂಥ ಸಿನಿಮಾ ಇಲ್ವಾ?"

ನಾನು ಲೋಟ ಕೆಳಗಿಟ್ಟೆ. ಸೊಸೆ ನನ್ನನ್ನು ನೋಡಿದಳು. ಅವಳಿಗೆ ನನ್ನ ಬಾಯಿಯ ಹೆದರಿಕೆ.

"ಉಂಟು," ಎಂದೆ. "ನಾನು ನೋಡಿದ್ದೇನೆ. ನಿನ್ನಮ್ಮನ ಜೊತೆ ಕುಳಿತೇ ನೋಡಿದ್ದು."

"ಮಲಾಯಿ ಉಂಟಾ ಅದರಲ್ಲಿ?"

"ಉಂಟು. ಆ ಕೆನೆಯೇ ಮುಖ್ಯ."

"ಮೊಬೈಲಿನಲ್ಲಿ ಸಿಗ್ತದಾ?"

"ಸಿಗ್ತದೆ. ಆದರೆ ಇಂಟರ್ವಲ್ ತನಕ ಮಾತ್ರ ನೋಡಿ. ಆಮೇಲಿನದ್ದು ಹಾಳು ಮಾಡಿಟ್ಟಿದ್ದಾರೆ. ಅದನ್ನು ನಾನು ಹೇಳ್ತೇನೆ, ನಿನ್ನ ಮಗಳನ್ನು ಕರಿ."

ಬಂದು ಕುಳಿತಳು ಮೊಮ್ಮಗಳು. ನಾನು ಹೇಳಿದೆ. ಧಾರಾವಾಹಿ ನೋಡಿದ್ದೇನೆ, ಸಿನಿಮಾ ನೋಡಿದ್ದೇನೆ. ಎರಡಕ್ಕಿಂತ ಆ ಹೊಟೇಲಿನವನ ಕಥೆಯೇ ಚೆನ್ನಾಗಿತ್ತು. ಹೇಳುವಾಗ ಅದು ನನಗೇ ತಿಳಿಯಿತು. ಕಥೆ ಎಲ್ಲಿಯೂ ಸಿಕ್ಕಿಹಾಕಿಕೊಳ್ಳಲಿಲ್ಲ. ಕೊನೆಗೆ, ಹೆಂಡತಿ ಬಿಡುಗಡೆಯಾದಳು, ಪೇಟೆಯಲ್ಲಿ ಒಂದು ಸಣ್ಣ ಹೊಟೇಲು ಹಾಕಿದಳು, ಮೊದಲ ಕಾಫಿ ಇನ್‌ಸ್ಪೆಕ್ಟರಿಗೆ ಕೊಟ್ಟಳು, ಎಂದು ಮುಗಿಸಿದೆ.

"ಹೊಟೇಲಿನ ಹೆಸರು ಬಿಟ್ಟಿರಿ," ಎಂದಳು ಮಗಳು.

"ಹೆಸರು ನನಗೆ ಹೇಳಿರಲಿಲ್ಲ."

ಅವಳು ನಕ್ಕು ತಾಯಿಯ ಫೋಟೋದ ಕಡೆ ಕೈ ತೋರಿಸಿದಳು. "ದೊಡ್ಡಮ್ಮ, ಅಮ್ಮನ ಹೆಸರೇ ಅದಕ್ಕೆ. ಪಪ್ಪ ಹಾಗೆಯೇ ಹೇಳಿದ್ದಂತೆ. ಅದು ಹೇಳುವಾಗ ಅಮ್ಮನಿಗೆ ಪ್ರತಿ ಸಲವೂ ನಾಚಿಕೆ."

ಸಿನಿಮಾದ ಹೊಟೇಲಿಗೆ ತನ್ನ ಹೆಸರು ಹೇಗೆ ಬರುತ್ತದೆ ಎಂದು ತಿಳಿಯದಷ್ಟು ದಡ್ಡಿ ಅವಳಲ್ಲ. ಕೆನೆ ನೋಡಿ ಹಾಲಿನ ಹೊತ್ತು ಹೇಳುವವಳು. ಮೊದಲ ದಿನದಿಂದಲೇ ಅವಳಿಗೆ ಗೊತ್ತಿತ್ತು. ನಾನು ಹೊಸದಾಗಿ ಹಿಡಿದುಕೊಟ್ಟದ್ದು ಏನೂ ಇಲ್ಲ. ಬಾಯಿ ಬಿಟ್ಟು ಹೇಳಿದ್ದು ಮಾತ್ರ ನಾನು. ಹೇಳಿದ ಮೇಲೆ ಅವಳಿಗೆ ಆ ಕಥೆ ಮೊಮ್ಮಗಳಿಗೆ ಹೇಳಲಿಕ್ಕೂ ಉಳಿಯಲಿಲ್ಲ.

ಲೋಟದ ಕಾಫಿ ಪೂರ್ತಿ ಕುಡಿದೆ. ಅದು ಆಗಷ್ಟೇ ಕಾಯಿಸಿದ ಹಾಲಿನದ್ದು.